ಲೂಟಿಯ ಊಟ

ದೆಹಲಿಗೆ ವರ್ಗವಾಗಿ ಬಂದ ಹೊಸತರಲ್ಲಿ ನಮ್ಮ ಮನೆಯ ಪಾಮೇರಿಯನ್ ನಾಯಿ ಊಟ ಬಿಟ್ಟಿತು. ತಟ್ಟೆಯ ಹತ್ತಿರ ಬರುವುದು, ಮೂಸುವುದು, ನಮ್ಮ ಮುಖವನ್ನೊಮ್ಮೆ ನೋಡುವುದು, ಹಿಂದಿರುಗಿ ಬಾಗಿಲ ಬಳಿ ಮಲಗುವುದು, ಇಷ್ಟೇ ಅದರ ದಿನಚರಿಯಾಯಿತು. ಐದು ಕಿಲೋ ಕೂಡ ತೂಗದ ಪ್ರಾಣಿ. ಎರಡೇ ದಿನಗಳಲ್ಲಿ ಬೆನ್ನುಮೂಳೆ ಕೈಗೆ ಸಿಗತೊಡಗಿತು. ಒಣ ಆಹಾರದ ಮೂರು ಬಗೆಯ ಚೀಲಗಳು ಬಂದವು, ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಬಂತು, ಕೈತುತ್ತಿನ ಪ್ರಯೋಗವೂ ಆಯಿತು. ಮುದ್ದು ಹೆಚ್ಚಾಗಿದೆ, ಹಸಿದರೆ ತಾನೇ ತಿನ್ನುತ್ತದೆ ಎಂದು ನೆರೆಯವರು ಬುದ್ಧಿ ಹೇಳಿದರು. ಆ ದಿನಗಳಲ್ಲಿ ಸಮಾಧಾನಕ್ಕೆಂದು ನಾಯಿಗಳ ಚರಿತ್ರೆಯನ್ನು ಓದುತ್ತ ಹೋದ ನಮಗೆ, ಇಂಗ್ಲೆಂಡಿನ ರಾಣಿಯ ಆಶ್ರಯದಲ್ಲಿದ್ದೂ ಹಾಲು ಬ್ರೆಡ್ಡನ್ನು ಒಲ್ಲೆನೆಂದ ಇನ್ನೊಂದು ಪುಟ್ಟ ನಾಯಿ ಎದುರಾಯಿತು. ಅದರ ಹೆಸರು ಲೂಟಿ.

ಹೆಸರನ್ನು ತಪ್ಪಾಗಿ ಓದಿದೆವೇನೋ ಎಂದು ಮತ್ತೆ ನೋಡಿದೆವು. ತಪ್ಪಿರಲಿಲ್ಲ. ನಾವು ಕನ್ನಡದಲ್ಲಿ ಆಡುವ ಲೂಟಿಯ ಬಳಗದ ಮಾತೇ ಅದು. ಹಿಂದಿಯ 'ಲೂಟ್' ಎಂಬ ಪದ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಇಂಗ್ಲಿಷ್ ಭಾಷೆಯನ್ನು ಹೊಕ್ಕಿತು. ನಮ್ಮ ನೆಲದಲ್ಲಿ ನಡೆದ ಕೆಲಸಕ್ಕೆ ನಮ್ಮ ನೆಲದ ಪದವನ್ನೇ ಅವರು ಎತ್ತಿಕೊಂಡರು. ಅನಂತರ ಚೀನಾದಲ್ಲಿ ಅದೇ ಕೆಲಸ ಮಾಡುವಾಗಲೂ ಆ ಪದ ಸೈನಿಕರ ನಾಲಗೆಯ ಮೇಲಿತ್ತು.

ಅದು ಎರಡನೆಯ ಅಫೀಮು ಯುದ್ಧದ ಕೊನೆಯ ಘಟ್ಟ. 1860ರಲ್ಲಿ ಬ್ರಿಟನ್ ಮತ್ತು ಫ್ರಾನ್ಸಿನ ಜಂಟಿ ಸೇನೆ ತಾಕು ಕೋಟೆಗಳನ್ನು ಗೆದ್ದು ಪೀಕಿಂಗಿನತ್ತ ನಡೆಯಿತು. ಆ ಸೇನೆಯಲ್ಲಿ ಪಂಜಾಬಿನ ಪದಾತಿಗಳೂ ಸಿಖ್ ಸವಾರರೂ ಇದ್ದರು. ಬೆಂಗಳೂರನ್ನು ನೆಲೆಯಾಗಿಸಿಕೊಂಡಿದ್ದ ಮದ್ರಾಸ್ ಸ್ಯಾಪರ್ಸ್ ಪಡೆಯ ತುಕಡಿಗಳೂ ಇದ್ದವು. ಹಲಸೂರು ಕೆರೆಯ ಬದಿಯಲ್ಲಿ ಓಡಾಡಿದವರಿಗೆ ಆ ಪಡೆಯ ಹೆಸರು ಹೊಸದಲ್ಲ. ದೂರದ ಕಥೆಯೆಂದು ನಾವು ಓದತೊಡಗಿದ್ದರಲ್ಲಿ ನಮ್ಮವರ ಹೆಜ್ಜೆಗಳೂ ಇದ್ದವು.

ಪೀಕಿಂಗಿನ ವಾಯವ್ಯಕ್ಕೆ ಯುವಾನ್‌ಮಿಂಗ್‌ಯುವಾನ್ ಎಂಬ ಉದ್ಯಾನಗಳ, ಸರೋವರಗಳ, ಮಂಟಪಗಳ ವಿಶಾಲ ಅರಮನೆಯಿತ್ತು. ಷಿಯೆನ್‌ಫೆಂಗ್ ಚಕ್ರವರ್ತಿ ಆಗಲೇ ಜೆಹೋಲಿಗೆ ಓಡಿಹೋಗಿದ್ದ. ಅಕ್ಟೋಬರ್ ಮೊದಲ ವಾರದಲ್ಲಿ ಸೈನಿಕರು ಒಳಹೊಕ್ಕು ಕೈಗೆ ಸಿಕ್ಕಿದ್ದನ್ನು ದೋಚಿದರು. ಸಂಧಾನಕ್ಕೆ ಹೋಗಿ ಸೆರೆಯಾಗಿದ್ದ ತಂಡದ ಹಲವರು, ಅವರಲ್ಲಿ ಭಾರತೀಯ ಸವಾರರೂ ಸೇರಿದಂತೆ, ಚೀನೀಯರ ಬಂಧನದಲ್ಲಿ ಹಿಂಸೆಗೊಳಗಾಗಿ ಸತ್ತಿದ್ದರು. ಅದಕ್ಕೆ ಪ್ರತೀಕಾರವೆಂದು ಬ್ರಿಟಿಷ್ ರಾಯಭಾರಿ ಲಾರ್ಡ್ ಎಲ್ಗಿನ್ ಅಕ್ಟೋಬರ್ 18ರಂದು ಅರಮನೆಗೆ ಬೆಂಕಿ ಹಚ್ಚಿಸಿದ. ಇದೇ ಎಲ್ಗಿನ್ 1862ರಲ್ಲಿ ಭಾರತದ ವೈಸ್‌ರಾಯ್ ಆಗಿ ಬಂದು ಮರುವರ್ಷವೇ ಧರ್ಮಶಾಲೆಯಲ್ಲಿ ತೀರಿಕೊಂಡ. ಅಲ್ಲಿಯ ದೇವದಾರು ಮರಗಳ ನಡುವಿನ ಚರ್ಚಿನ ಆವರಣದಲ್ಲಿ ಅವನ ಸಮಾಧಿಯಿದೆ. ರಜೆಯಲ್ಲಿ ಹೋದಾಗ ನಾವೂ ಅದರ ಮುಂದೆ ನಿಂತಿದ್ದೆವು. ಅವನ ಆಜ್ಞೆಯಿಂದ ಏನು ಉರಿಯಿತೆಂಬುದು ಆಗ ನಮಗೆ ನೆನಪಾಗಲಿಲ್ಲ.

ದೋಚಿದ ಪಿಂಗಾಣಿ, ರೇಷ್ಮೆ, ಜೇಡ್ ಕಲ್ಲಿನ ಸಾಮಾನುಗಳ ಜೊತೆಗೆ ಕೆಲವು ಪುಟ್ಟ ನಾಯಿಗಳೂ ಸೈನಿಕರ ಕೈಗೆ ಸಿಕ್ಕವು. ಐದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಚಪ್ಪಟೆ ಮೂತಿಯ, ಅಗಲ ಕಣ್ಣಿನ, ನಿಲುವಂಗಿಯ ತೋಳಿನೊಳಗೆ ಅಡಗಿಸಬಹುದಾದಷ್ಟು ಚಿಕ್ಕ ನಾಯಿಗಳವು. ಪಶ್ಚಿಮದವರು ಅವನ್ನು ಪೀಕಿನೀಸ್ ಎಂದು ಕರೆದರು. ಕೆಲವು ಇಂಗ್ಲೆಂಡಿನ ಡ್ಯೂಕ್ ಮನೆತನಗಳಿಗೆ ಹೋದವು. ಒಂದನ್ನು 99ನೆಯ ರೆಜಿಮೆಂಟಿನ ಕ್ಯಾಪ್ಟನ್ ಜಾನ್ ಹಾರ್ಟ್ ಡನ್ ತನ್ನೊಡನೆ ಇಟ್ಟುಕೊಂಡ. ಕಲ್ಕತ್ತೆಯಿಂದ ಪೀಕಿಂಗಿನವರೆಗಿನ ತನ್ನ ಪಯಣದ ದಿನಚರಿಯನ್ನು ಅವನು 1861ರಲ್ಲಿ ಪ್ರಕಟಿಸಿದ. ಕೊರಳಲ್ಲಿ ಬೆಳ್ಳಿಯ ಗೆಜ್ಜೆಗಳಿದ್ದ ಆ ಪುಟ್ಟ ನಾಯಿ ಅದರಲ್ಲಿ ಬರುತ್ತದೆ. ಅದೇ ವರ್ಷ ಅವನು ಅದನ್ನು ವಿಕ್ಟೋರಿಯಾ ರಾಣಿಗೆ ಒಪ್ಪಿಸಿದ. ಅದಕ್ಕೆ ಲೂಟಿ ಎಂದು ಹೆಸರಾಯಿತು. ಫ್ರೀಡ್ರಿಖ್ ಕೈಲ್ ಎಂಬ ಕಲಾವಿದ ಅದರ ಚಿತ್ರವನ್ನೂ ಬರೆದ. ಯಾರೂ ಆ ಹೆಸರಿಗೆ ಸಂಕೋಚಪಟ್ಟಂತೆ ಕಾಣುವುದಿಲ್ಲ.

ಲೂಟಿಯ ಊಟದ ಬಗೆಗೆ ಆಗ ಬರೆದಿಟ್ಟ ಒಂದು ಮಾತು ಉಳಿದುಬಂದಿದೆ. ಆಹಾರದ ವಿಷಯದಲ್ಲಿ ಇದು ಬಹಳ ನಾಜೂಕಿನದು, ಹಾಲು ಬ್ರೆಡ್ಡನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ, ಬೇಯಿಸಿದ ಅನ್ನಕ್ಕೆ ಸ್ವಲ್ಪ ಕೋಳಿಮಾಂಸವನ್ನೂ ಅದರ ರಸವನ್ನೂ ಕಲಸಿ ಕೊಟ್ಟರೆ ತಿನ್ನುತ್ತದೆ, ಅದೇ ಇದಕ್ಕೆ ಉತ್ತಮ ಎಂಬುದು ಅದರ ಸಾರಾಂಶ. ಯುದ್ಧ, ಒಪ್ಪಂದ, ಪರಿಹಾರಧನಗಳ ಕಾಗದಪತ್ರಗಳ ನಡುವೆ ಈ ಮಾತು ಪುಟ್ಟದು. ಆದರೂ ನಾವು ಅಲ್ಲಿಯೇ ನಿಂತೆವು. ಆ ಅರಮನೆಯಿಂದ ಹೊರಟ ಹೂದಾನಿಗೆ ಯಾವ ಕಪಾಟಾದರೂ ಒಂದೇ. ಬೇಡ ಎನ್ನುವ ಶಕ್ತಿಯಿದ್ದ ಕೊಳ್ಳೆಯ ವಸ್ತು ಆ ನಾಯಿಯೊಂದೇ. ಅದು ಬೇಡವೆನ್ನಬಹುದಾದದ್ದು ತಟ್ಟೆಯನ್ನು ಮಾತ್ರ. ಅದರ ಒಲ್ಲೆಯನ್ನು ಯಾರೋ ಗಮನಿಸಿ, ಬೇಕಾದುದೇನೆಂದು ಕಂಡುಕೊಂಡು, ಮುಂದೆ ನೋಡಿಕೊಳ್ಳುವವರಿಗಾಗಿ ಬರೆದಿಟ್ಟರು. ದೋಚಿದವರ ಕಡೆಯವರೇ ಇದನ್ನೂ ಮಾಡಿದರು ಎಂಬುದನ್ನು ಮರೆಯಬೇಕಾಗಿಲ್ಲ.

ಅರಮನೆಯ ನಾಯಿಗಳ ಊಟದ ಬಗೆಗೆ ಪಶ್ಚಿಮದಲ್ಲಿ ಅನೇಕ ಕಥೆಗಳು ಹುಟ್ಟಿದವು. ಷಾರ್ಕ್ ಮೀನಿನ ರೆಕ್ಕೆಯನ್ನೂ ಹಕ್ಕಿಗಳ ಎದೆಮಾಂಸವನ್ನೂ ಉಣಿಸಬೇಕೆಂಬ ವಿಧಿಗಳನ್ನು ರಾಜಮಾತೆ ಸಿಷಿಯ ಹೆಸರಿಗೆ ಅಂಟಿಸಿದರು. ಇಂತಹವನ್ನು ಹಾಗೆಯೇ ನಂಬಬೇಕಾಗಿಲ್ಲ. ಕಣ್ಣಾರೆ ಕಂಡವರ ಮಾತು ಬೇರೆ. ಸಿಷಿಯ ಭಾವಚಿತ್ರ ಬರೆಯಲು 1903ರಲ್ಲಿ ಅರಮನೆಯೊಳಗೆ ಹೋದ ಅಮೆರಿಕನ್ ಕಲಾವಿದೆ ಕ್ಯಾಥರೀನ್ ಕಾರ್ಲ್, ಅಲ್ಲಿಯ ನಾಯಿಗಳಿಗೆ ಅಮೃತಶಿಲೆಯ ನೆಲದ ಮಂಟಪವಿತ್ತು, ಮಲಗಲು ರೇಷ್ಮೆಯ ದಿಂಬುಗಳಿದ್ದವು, ನೋಡಿಕೊಳ್ಳಲೆಂದೇ ಸೇವಕರಿದ್ದರು ಎಂದು ಬರೆದಿದ್ದಾಳೆ. ಲೂಟಿಯ ತಲೆಮಾರಿನ ನಾಯಿಗಳೂ ಹೀಗೆ ಗೊತ್ತಾದ ಹೊತ್ತಿಗೆ, ಗೊತ್ತಾದ ಕೈಯಿಂದ ಉಂಡಿದ್ದಿರಬೇಕು. ಅಂತಹ ಪ್ರಾಣಿ ಹೊಗೆ, ಗದ್ದಲ, ತಿಂಗಳುಗಳ ಹಡಗಿನ ಪಯಣ ಎಲ್ಲವನ್ನೂ ದಾಟಿ ಬಂದು ಅಪರಿಚಿತ ವಾಸನೆಯ ತಟ್ಟೆಯ ಮುಂದೆ ನಿಂತಾಗ ಮುಖ ತಿರುಗಿಸಿದರೆ ಅದನ್ನು ಹಟವೆನ್ನುವುದು ಹೇಗೆ?

ಲೂಟಿ ಸೆರೆಸಿಕ್ಕ ಹೊತ್ತಿನಲ್ಲೇ, 1860ರ ಸುಮಾರಿಗೆ, ಲಂಡನ್ನಿನಲ್ಲಿ ಇನ್ನೊಂದು ಕಥೆ ಆರಂಭವಾಗಿತ್ತು. ಸಿಡಿಲುವಾಹಕಗಳನ್ನು ಮಾರಲು ಬಂದ ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕನ್, ನಾವಿಕರ ಒಣ ಬಿಸ್ಕತ್ತನ್ನು ಬಂದರಿನ ನಾಯಿಗಳು ತಿನ್ನುವುದನ್ನು ಕಂಡನೆಂದೂ ಅದರಿಂದ ನಾಯಿ ಬಿಸ್ಕತ್ತಿನ ಉಪಾಯ ಹೊಳೆಯಿತೆಂದೂ ಹೇಳುತ್ತಾರೆ. ಗೋಧಿ, ತರಕಾರಿ, ಬೀಟ್‌ರೂಟ್, ಮಾಂಸದ ಅಂಶ ಸೇರಿಸಿ ಅವನು ಮಾಡಿದ ಬಿಸ್ಕತ್ತೇ ಇಂದಿನ ಕಾರ್ಖಾನೆಯ ನಾಯಿ ಆಹಾರಕ್ಕೆ ಮೂಲ. ಆ ಕಂಪನಿಯಲ್ಲಿ ದುಡಿದ ಚಾರ್ಲ್ಸ್ ಕ್ರಫ್ಟ್ 1891ರಲ್ಲಿ ತನ್ನ ಹೆಸರಿನ ಶ್ವಾನಪ್ರದರ್ಶನವನ್ನು ಕಟ್ಟಿದ. ಎಲ್ಲ ನಾಯಿಗಳಿಗೂ ಒಂದೇ ಡಬ್ಬಿಯಿಂದ ಅಳೆದು ಹಾಕಬಹುದೆಂಬ ನಂಬಿಕೆ ಹೀಗೆ ಮನೆಮನೆಗೆ ಬಂತು. ಅದರಿಂದ ಅನುಕೂಲವೂ ಆಯಿತು, ನಾಯಿಗಳಿಗೆ ಸಮತೂಕದ ಪೋಷಣೆಯೂ ಮುಂದೆ ದೊರೆಯಿತು. ಆದರೆ ತಿನ್ನದ ನಾಯಿಯನ್ನು ಕಂಡರೆ ತಪ್ಪು ನಾಯಿಯದೇ ಎನ್ನುವ ಮನೋಭಾವವೂ ಅದರೊಡನೆಯೇ ಬಂತು.

ಈ ಮನೋಭಾವಕ್ಕೆ ಪ್ರಯೋಗಶಾಲೆಯ ಉತ್ತರ ಬಂದದ್ದು ಸೇಂಟ್ ಪೀಟರ್ಸ್‌ಬರ್ಗಿನಿಂದ. ಪಾವ್ಲೋವ್ ಎಂದೊಡನೆ ನಮಗೆ ನೆನಪಾಗುವುದು ಗಂಟೆ ಮತ್ತು ಜೊಲ್ಲು. ಅವನಿಗೆ 1904ರಲ್ಲಿ ನೊಬೆಲ್ ಬಂದದ್ದು ಮಾತ್ರ ಜೀರ್ಣಕ್ರಿಯೆಯ ಅಧ್ಯಯನಕ್ಕೆ. ನುಂಗಿದ ಆಹಾರ ಹೊಟ್ಟೆಗೆ ಇಳಿಯದೆ ಹೊರಬೀಳುವಂತೆ ಶಸ್ತ್ರಕ್ರಿಯೆ ಮಾಡಿದ ನಾಯಿಗಳಲ್ಲಿ, ಆಸೆಯಿಂದ ತಿಂದ ಮಾತ್ರಕ್ಕೆ ಜಠರರಸ ಧಾರಾಳವಾಗಿ ಒಸರಿತು. ನಾಯಿಗೆ ತಿಳಿಯದಂತೆ ಬ್ರೆಡ್ಡನ್ನು ನೇರವಾಗಿ ಹೊಟ್ಟೆಯೊಳಗಿಟ್ಟಾಗ ಬಹಳ ಹೊತ್ತು ರಸವೇ ಬರಲಿಲ್ಲ. ತಿನ್ನಬೇಕೆಂಬ ಬಯಕೆಯೇ ಜೀರ್ಣದ ಮೊದಲ ಹೆಜ್ಜೆ ಎಂದು ಅವನು ತೀರ್ಮಾನಿಸಿದ. ಆ ನಾಯಿಗಳು ಪಟ್ಟ ಪಾಡನ್ನು ನೆನೆದರೆ ಕರುಳು ಹಿಂಡುತ್ತದೆ. ಅವು ಕಲಿಸಿದ ಪಾಠವನ್ನಾದರೂ ನಾವು ಮರೆಯಬಾರದು.

ಲೂಟಿ 1872ರವರೆಗೆ ಬದುಕಿತು. ಹನ್ನೊಂದು ವರ್ಷಗಳ ಆ ಪರವಾಸದಲ್ಲಿ ಅದು ಮತ್ತೆ ತನ್ನ ಊರನ್ನು ಕಾಣಲಿಲ್ಲ. ವಿಲಿಯಂ ಬ್ಯಾಂಬ್ರಿಜ್ 1865ರಲ್ಲಿ ತೆಗೆದ ಅದರ ಛಾಯಾಚಿತ್ರ ರಾಜಮನೆತನದ ಸಂಗ್ರಹದಲ್ಲಿದೆ.

ಇಷ್ಟನ್ನು ಓದಿ ನಾವು ನಮ್ಮ ನಾಯಿಯತ್ತ ತಿರುಗಿದೆವು. ಮೊದಲು ಪಶುವೈದ್ಯರಲ್ಲಿಗೆ ಒಯ್ದೆವು; ಹಲ್ಲುನೋವು, ಜ್ವರ, ಹೊಟ್ಟೆಯ ತೊಂದರೆ ಇಲ್ಲವೆಂದು ಖಚಿತವಾಗದೆ ಅರುಚಿಯನ್ನು ಹಟವೆನ್ನಬಾರದು. ಚಿಕ್ಕ ತಳಿಯ ಮರಿಗಳು ಉಪವಾಸವಿದ್ದರೆ ರಕ್ತದ ಸಕ್ಕರೆ ಬೇಗನೆ ಇಳಿಯುತ್ತದೆ. ಬೆಳೆದ ನಾಯಿಯೂ ಒಂದು ದಿನಕ್ಕಿಂತ ಹೆಚ್ಚು ಮುಟ್ಟದಿದ್ದರೆ ಕಾಯಬಾರದು ಎಂದು ವೈದ್ಯರು ಹೇಳಿದರು. ಸದ್ಯಕ್ಕೆ ಏನು ಕೊಡಬೇಕೆಂದು ಕೇಳಿದಾಗ ಅವರು ಹೇಳಿದ್ದು, ಉಪ್ಪು ಖಾರ ಇಲ್ಲದೆ ಬೇಯಿಸಿದ ಕೋಳಿ ಮತ್ತು ಅನ್ನ. ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು.

ಊರಿನಲ್ಲಿದ್ದಾಗ ಅದಕ್ಕೆ ನಡುಮನೆಯ ಮೂಲೆಯಲ್ಲಿ, ನಮ್ಮೆಲ್ಲರ ಊಟವಾದ ಮೇಲೆ, ಸ್ಟೀಲಿನ ತಟ್ಟೆಯಲ್ಲಿ ಅನ್ನ ಸಿಗುತ್ತಿತ್ತು. ಇಲ್ಲಿಗೆ ಬಂದು ಹೊತ್ತು, ಜಾಗ, ತಟ್ಟೆ, ಆಹಾರ ನಾಲ್ಕನ್ನೂ ಒಂದೇ ದಿನ ಬದಲಿಸಿದ್ದೆವು. ಹಳೆಯ ತಟ್ಟೆಯನ್ನು ಗಂಟಿನಿಂದ ಹೊರತೆಗೆದೆವು. ಅನ್ನವನ್ನು ಮೆತ್ತಗೆ ಬೇಯಿಸಿ, ಪರಿಮಳ ಏಳುವಂತೆ ಉಗುರುಬೆಚ್ಚಗಿರುವಾಗಲೇ ಕೋಳಿಯ ರಸ ಕಲಸಿ ಇಟ್ಟು, ದೂರ ಸರಿದು ಕುಳಿತೆವು. ಮೊದಲ ರಾತ್ರಿ ಅರ್ಧ ತಿಂದಿತು, ಮೂರನೆಯ ರಾತ್ರಿ ತಟ್ಟೆ ನೆಕ್ಕಿತು. ಅನಂತರ ಒಣ ಆಹಾರವನ್ನು ಚಿಟಿಕೆಯಷ್ಟರಿಂದ ತೊಡಗಿ ವಾರಗಟ್ಟಲೆ ಬೆರೆಸುತ್ತ ಹೋದೆವು. ಅನ್ನ ಕೋಳಿಯೊಂದೇ ಬಹುಕಾಲದ ಪೋಷಣೆಗೆ ಸಾಲದು.

ಈ ಸಲ ಊರಿಗೆ ಹೊರಟಾಗ ನಾಯಿಯನ್ನು ನೆರೆಮನೆಯಲ್ಲಿ ಬಿಟ್ಟೆವು. ಅವರ ಕೈಗೆ ಒಂದು ಚೀಟಿ ಕೊಟ್ಟೆವು. ಹಾಲು ಬ್ರೆಡ್ಡು ತಿನ್ನುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿ ಬಿದ್ದದ್ದು ನಾಯಿಗೆ ವಿಷ, ಒಣ ಆಹಾರಕ್ಕೆ ಸ್ವಲ್ಪ ಅನ್ನವನ್ನೂ ಕೋಳಿಯ ರಸವನ್ನೂ ಕಲಸಿ ಬೆಚ್ಚಗಿರುವಾಗ ಈ ತಟ್ಟೆಯಲ್ಲಿಯೇ ಇಡಬೇಕು ಎಂದು ಅದರಲ್ಲಿ ಬರೆದಿದ್ದೆವು. ಬರೆದು ಮುಗಿಸಿದ ಮೇಲೆಯೇ ನಮಗೆ ಹೊಳೆಯಿತು, ಇಂತಹ ಚೀಟಿಯನ್ನು ನಾವು ಮೊದಲೇ ಎಲ್ಲಿಯೋ ಓದಿದ್ದೆವು.