ಖೈದಿಗಳ ವಸಾಹತಿನಿಂದ ಮತಪೆಟ್ಟಿಗೆಯವರೆಗೆ

ಅಮೆರಿಕದ ವಸಾಹತುಗಳು ಕೈತಪ್ಪಿದ ಮೇಲೆ ತನ್ನ ಅಪರಾಧಿಗಳನ್ನು ಎಲ್ಲಿಗೆ ಕಳಿಸುವುದೆಂಬ ಚಿಂತೆ ಬ್ರಿಟನ್ನನ್ನು ಕಾಡಿತು. 1788ರ ಜನವರಿಯಲ್ಲಿ ಆರ್ಥರ್ ಫಿಲಿಪ್‌ನ ನೇತೃತ್ವದ 11 ಹಡಗುಗಳು ಆಸ್ಟ್ರೇಲಿಯದ ದಡ ಸೇರಿದವು. 1868ರವರೆಗೆ ಸುಮಾರು 1,60,000 ಖೈದಿಗಳು ಹೀಗೆ ಗಡೀಪಾರಾಗಿ ಬಂದರು. ಇಂಥ ನೆಲದಲ್ಲಿ ಪ್ರಜಾಪ್ರಭುತ್ವ ಹೇಗೆ ಬೇರೂರಿತು?

ಅದರ ಮೊಳಕೆಯನ್ನು ಅದೇ ವರ್ಷದ ಒಂದು ಸಣ್ಣ ವ್ಯಾಜ್ಯದಲ್ಲಿ ಗುರುತಿಸಬಹುದೆಂದು ನನ್ನ ಅನಿಸಿಕೆ. ಹೆನ್ರಿ ಕೇಬಲ್ ಮತ್ತು ಆತನ ಪತ್ನಿ ಸುಸಾನಾ ಇಬ್ಬರೂ ಮರಣದಂಡನೆಗೆ ಗುರಿಯಾಗಿ, ಅನಂತರ ಗಡೀಪಾರಿನ ಶಿಕ್ಷೆ ಪಡೆದವರು. ಉದಾರಿಗಳು ಚಂದಾ ಎತ್ತಿ ಅವರಿಗೆ ಕೊಡಿಸಿದ್ದ ಬಟ್ಟೆ, ಪುಸ್ತಕಗಳ ಗಂಟು ಹಡಗಿನಲ್ಲಿ ಕಾಣೆಯಾಯಿತು. ದಂಪತಿಗಳು ಕಪ್ತಾನ ಡಂಕನ್ ಸಿಂಕ್ಲೇರ್‌ನ ಮೇಲೆ ದಾವೆ ಹೂಡಿದರು. ಇಂಗ್ಲೆಂಡಿನ ಕಾನೂನಿನಲ್ಲಿ ಅಂಥ ಅಪರಾಧಿಗಳಿಗೆ ದಾವೆ ಹೂಡುವ ಅಧಿಕಾರವೇ ಇರಲಿಲ್ಲ. ಅರ್ಜಿಯಲ್ಲಿ ಅವರನ್ನು ‘ಇಲ್ಲಿನ ಹೊಸ ನೆಲಸಿಗರು’ ಎಂದು ಬರೆದು, ಮತ್ತೆ ಅದನ್ನು ಹೊಡೆದುಹಾಕಲಾಗಿದೆ. ಆ ಜಾಗದಲ್ಲಿ ಬೇರೇನನ್ನೂ ಬರೆದಿಲ್ಲ. ಶಾಸನಗಳನ್ನು ಓದಿ ಬಲ್ಲವರಿಗೆ ಅಳಿಸಿದ ಅಕ್ಷರಗಳ ಬೆಲೆ ಗೊತ್ತು. ‘ಖೈದಿಗಳು’ ಎಂದು ಬರೆದಿದ್ದರೆ ದಾವೆ ಅಲ್ಲಿಗೇ ಬಿದ್ದುಹೋಗುತ್ತಿತ್ತು. ನ್ಯಾಯಾಲಯ ಅವರಿಗೆ 15 ಪೌಂಡ್ ಪರಿಹಾರ ಕೊಡಿಸಿತು. ಮುಂದೆ ಹೆನ್ರಿ ಸಿಡ್ನಿಯ ಮುಖ್ಯ ಕಾನ್‌ಸ್ಟೇಬಲನೂ ವರ್ತಕನೂ ಆದನು.

ಆದರೆ ಆಡಳಿತದ ಅಧಿಕಾರ ಬಹುಕಾಲ ಗವರ್ನರನ ಕೈಯಲ್ಲೇ ಉಳಿಯಿತು. 1824ರಲ್ಲಿ ನೇಮಕಗೊಂಡ ಸದಸ್ಯರ ಸಭೆ ಬಂತು; 1843ರಲ್ಲಿ ಆಸ್ತಿವಂತರಿಗಷ್ಟೇ ಮತವಿದ್ದ ಮೊದಲ ಚುನಾವಣೆ. 1853ರಲ್ಲಿ ವಿಲಿಯಂ ವೆಂಟ್‌ವರ್ತ್ ವಂಶಪಾರಂಪರ್ಯದ ಮೇಲ್ಮನೆಯೊಂದನ್ನು ಸೂಚಿಸಿದನು. ಈತನ ತಾಯಿಯೇ ಖೈದಿಯಾಗಿ ಬಂದವಳು! ಖೈದಿ ದಂಪತಿಗಳ ಮಗನಾದ ಡೇನಿಯಲ್ ಡೆನಿಹಿ ಅವರನ್ನು ‘ಬನಿಪ್ ಶ್ರೀಮಂತರು’ ಎಂದು ಹಂಗಿಸಿದನು. ಬನಿಪ್ ಎಂದರೆ ಮೂಲನಿವಾಸಿಗಳ ಕಥೆಗಳಲ್ಲಿ ಬರುವ ಜೌಗುನೆಲದ ಜಂತು. ನಗೆಯ ಮುಂದೆ ಆ ಸೂಚನೆ ನಿಲ್ಲಲಿಲ್ಲ.

1856ರಲ್ಲಿ ವಿಕ್ಟೋರಿಯ ಮತ್ತು ದಕ್ಷಿಣ ಆಸ್ಟ್ರೇಲಿಯ ಗುಪ್ತ ಮತದಾನವನ್ನು ಜಾರಿಗೆ ತಂದವು. (ದಕ್ಷಿಣ ಆಸ್ಟ್ರೇಲಿಯ ಖೈದಿಗಳ ವಸಾಹತಾಗಿರಲಿಲ್ಲ ಎಂಬುದನ್ನೂ ಹೇಳಬೇಕು.) ಯಾರಿಗೆ ಮತ ಹಾಕಿದನೆಂಬುದು ಧಣಿಗೆ ತಿಳಿಯದಂತೆ ಮಾಡಿದ ಈ ಪದ್ಧತಿ ಅಮೆರಿಕದಲ್ಲಿ ‘ಆಸ್ಟ್ರೇಲಿಯನ್ ಮತಪತ್ರ’ ಎಂದೇ ಹೆಸರಾಯಿತು.

1902ರಲ್ಲಿ ಒಕ್ಕೂಟದ ಚುನಾವಣೆಗಳಲ್ಲಿ ಮಹಿಳೆಯರಿಗೆ ಮತದಾನದ ಹಕ್ಕು ಬಂತು. ಅದೇ ಕಾಯಿದೆ ಬಹುಪಾಲು ಮೂಲನಿವಾಸಿಗಳನ್ನು ಹೊರಗಿಟ್ಟಿತು. ಅವರೆಲ್ಲರೂ ಆ ಹಕ್ಕನ್ನು ಪಡೆದದ್ದು 1962ರಲ್ಲಿ. ಒಂದು ಗಂಟಿಗಾಗಿ ಖೈದಿಗಳ ಮೊರೆ ಕೇಳಿದ ನ್ಯಾಯವ್ಯವಸ್ಥೆ, ನೆಲ ಕಳೆದುಕೊಂಡವರ ಹಕ್ಕನ್ನು ಒಪ್ಪಿದ್ದು 1992ರ ಮಾಬೊ ಪ್ರಕರಣದಲ್ಲಿ.