ಸ್ವಂತ ಲಾರಿ ಇಟ್ಟುಕೊಂಡವರಿಗೆ ರಹದಾರಿ ಮತ್ತು ವಿಮೆ: ಕುಟುಂಬದವರೆಲ್ಲರೂ ತಿಳಿದಿರಬೇಕಾದ ಸಂಗತಿಗಳು

ಚೆನ್ನೈ ಮಹಾನಗರದಲ್ಲಿ ನೆಲೆಸಿರುವ ಕನ್ನಡಿಗರೆಂದರೆ ಹೋಟೆಲು, ಬ್ಯಾಂಕು, ಕಚೇರಿ ಎಂದಷ್ಟೇ ಭಾವಿಸುವವರುಂಟು. ಆದರೆ ಒಂದೋ ಎರಡೋ ಲಾರಿಗಳನ್ನು ಸ್ವಂತಕ್ಕೆ ಇಟ್ಟುಕೊಂಡು ಬಾಡಿಗೆಗೆ ಓಡಿಸುವ ಕುಟುಂಬಗಳೂ ನಮ್ಮ ನಡುವೆ ಇವೆ. ಕೋಲಾರದ ಟೊಮ್ಯಾಟೊ ಕೋಯಂಬೇಡು ಮಾರುಕಟ್ಟೆಗೆ, ಬಂದರಿನ ಸರಕು ಬೆಂಗಳೂರಿಗೆ ಸಾಗುವುದು ಇಂಥವರ ದುಡಿಮೆಯಿಂದಲೇ. ದೊಡ್ಡ ಸಾಗಣೆ ಸಂಸ್ಥೆಗಳಲ್ಲಿ ಕಾಗದಪತ್ರಗಳನ್ನು ನೋಡಿಕೊಳ್ಳಲು ಗುಮಾಸ್ತರಿರುತ್ತಾರೆ. ಒಂಟಿ ಲಾರಿಯ ಮಾಲೀಕನಿಗೆ ಆ ಅನುಕೂಲವಿಲ್ಲ. ಒಂದು ಕಾಗದದ ಅವಧಿ ಮುಗಿದಿದ್ದರೆ ಒಂದು ಅಪಘಾತದಿಂದ ಮನೆಮಠವೇ ಹೋಗುವ ಸಂಭವವುಂಟು. ಆದುದರಿಂದ ಈ ವಿಷಯದ ಮುಖ್ಯಾಂಶಗಳನ್ನು ಇಲ್ಲಿ ಸಂಗ್ರಹಿಸಿ ಕೊಡುತ್ತಿದ್ದೇವೆ.

ರಹದಾರಿ ಎಂದರೇನು?

1989ರ ಜುಲೈ 1ರಿಂದ ಜಾರಿಯಲ್ಲಿರುವ 1988ರ ಮೋಟಾರು ವಾಹನಗಳ ಅಧಿನಿಯಮದ 66ನೆಯ ಪ್ರಕರಣದಂತೆ, ಸರಕು ಸಾಗಣೆ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸಲು ರಹದಾರಿ, ಅಂದರೆ ಪರ್ಮಿಟ್, ಅಗತ್ಯ. ವಾಹನದ ನೋಂದಣಿ ಬೇರೆ, ರಹದಾರಿ ಬೇರೆ. ಆರ್‌ಸಿ ಪುಸ್ತಕ ಕೈಯಲ್ಲಿದ್ದ ಮಾತ್ರಕ್ಕೆ ಬಾಡಿಗೆಗೆ ಓಡಿಸುವ ಅಧಿಕಾರ ಬಂದಂತಾಗುವುದಿಲ್ಲ.

ಸರಕು ಸೇರಿ ಒಟ್ಟು ತೂಕ 3,000 ಕಿಲೋ ಮೀರದ ವಾಹನಗಳಿಗೆ ರಹದಾರಿಯಿಂದ ವಿನಾಯಿತಿ ಇದೆ. ಓಣಿಗಳಲ್ಲಿ ಓಡಾಡುವ ಟಾಟಾ ಏಸ್‌ನಂಥ ಸಣ್ಣ ವಾಹನಗಳು ಈ ಗುಂಪಿಗೆ ಸೇರುತ್ತವೆ. ವಿದ್ಯುತ್ ಬ್ಯಾಟರಿಯಿಂದ ಓಡುವ ಸಾಗಣೆ ವಾಹನಗಳಿಗೂ 2018ರಲ್ಲಿ ಕೇಂದ್ರ ಸರ್ಕಾರ ವಿನಾಯಿತಿ ನೀಡಿತು. ಇವು ರಹದಾರಿಗೆ ಮಾತ್ರ ಸಂಬಂಧಿಸಿದ ವಿನಾಯಿತಿಗಳು. ವಿಮೆ ಮತ್ತು ಅರ್ಹತಾ ಪತ್ರಗಳಿಂದ ಯಾವ ಬಿಡುಗಡೆಯೂ ಇಲ್ಲ.

ರಹದಾರಿಯ ಅವಧಿ ಐದು ವರ್ಷ. ಅವಧಿ ಮುಗಿಯುವುದಕ್ಕೆ 15 ದಿನ ಮುಂಚಿತವಾಗಿಯಾದರೂ ನವೀಕರಣಕ್ಕೆ ಅರ್ಜಿ ಸಲ್ಲಿಸತಕ್ಕದ್ದು. ಲಾರಿಗೆ ಅರ್ಹತಾ ಪತ್ರ (ನಾವೆಲ್ಲ ‘ಎಫ್‌ಸಿ’ ಎನ್ನುವುದು) ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿವರ್ಷ ಆಗಬೇಕು.

ರಾಜ್ಯದ ಗಡಿ ದಾಟುವಾಗ

ತಮಿಳುನಾಡಿನ ರಹದಾರಿ ತಮಿಳುನಾಡಿಗಷ್ಟೇ. ಹೊಸೂರು ದಾಟಿ ಅತ್ತಿಬೆಲೆಯತ್ತ ಸಾಗಲು ಕರ್ನಾಟಕದ ಮೇಲುಸಹಿ ಬೇಕು, ಇಲ್ಲವೇ ರಾಷ್ಟ್ರೀಯ ರಹದಾರಿ, ಅಂದರೆ ನ್ಯಾಷನಲ್ ಪರ್ಮಿಟ್ ಬೇಕು. ಹಿಂದೆ ಆಯ್ದ ರಾಜ್ಯಗಳಿಗೆ ಪ್ರತ್ಯೇಕವಾಗಿ ಶುಲ್ಕ ಕಟ್ಟಬೇಕಾಗಿತ್ತು. 2010ರ ಮೇ ತಿಂಗಳಿಂದ ದೇಶಕ್ಕೆಲ್ಲ ಒಂದೇ ಶುಲ್ಕವಾಯಿತು. ಆರಂಭದಲ್ಲಿ ವರ್ಷಕ್ಕೆ 15,000 ರೂಪಾಯಿ ಇದ್ದುದನ್ನು ಅನಂತರ 16,500ಕ್ಕೆ ಏರಿಸಲಾಯಿತು. ಐದು ವರ್ಷದ ರಹದಾರಿ ಇದ್ದರೂ ಇದರ ಅಧಿಕಾರ ಪತ್ರವನ್ನು ವರ್ಷವರ್ಷವೂ ಹೊಸದು ಮಾಡಿಸಬೇಕೆಂಬುದನ್ನು ಹಲವರು ಮರೆಯುತ್ತಾರೆ. ಎರಡು ಅಚ್ಚಿನ ಲಾರಿಗೆ 12 ವರ್ಷ, ಬಹು ಅಚ್ಚಿನದಕ್ಕೆ 15 ವರ್ಷ ತುಂಬಿದ ಮೇಲೆ ರಾಷ್ಟ್ರೀಯ ರಹದಾರಿ ದೊರೆಯುವುದಿಲ್ಲ.

ಇನ್ನೊಂದು ನಿಯಮವೂ ಗಮನಾರ್ಹ. ರಾಷ್ಟ್ರೀಯ ರಹದಾರಿ ಇದೆಯೆಂದು ಚೆನ್ನೈನ ಲಾರಿ ಮೈಸೂರಿನಲ್ಲಿ ಸರಕು ತುಂಬಿ ಬೆಂಗಳೂರಿನಲ್ಲಿ ಇಳಿಸುವಂತಿಲ್ಲ. ಅನ್ಯರಾಜ್ಯವೊಂದರ ಒಳಗಿನ ಎರಡು ಊರುಗಳ ನಡುವೆ ಬಾಡಿಗೆ ಹೊಡೆಯುವುದಕ್ಕೆ ಅವಕಾಶವಿಲ್ಲ.

ಕರ್ನಾಟಕದ ಬಂಧುಗಳಿಂದ ಕೆಎ ನೋಂದಣಿಯ ಲಾರಿಯನ್ನು ಕೊಂಡು ಇಲ್ಲಿ ಓಡಿಸುವವರೂ ಇದ್ದಾರೆ. ಒಂದು ರಾಜ್ಯದಲ್ಲಿ ನೋಂದಾಯಿಸಿದ ವಾಹನವನ್ನು ಮತ್ತೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಅದಕ್ಕೆ ಮೂಲ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರವೂ, ಸಾಲವಿದ್ದರೆ ಸಾಲ ಕೊಟ್ಟವರ ಒಪ್ಪಿಗೆಯೂ ಅವಶ್ಯ.

ವಿಮೆ: ಕಡ್ಡಾಯವಾದುದು ಯಾವುದು?

ಅಧಿನಿಯಮದ 146ನೆಯ ಪ್ರಕರಣದಂತೆ ಕಡ್ಡಾಯವಾದುದು ಮೂರನೆಯವರ ವಿಮೆ (ಥರ್ಡ್ ಪಾರ್ಟಿ). ನಮ್ಮ ಲಾರಿಯಿಂದ ಇನ್ನೊಬ್ಬರಿಗೆ ಸಾವುನೋವು ಅಥವಾ ಆಸ್ತಿನಷ್ಟ ಉಂಟಾದರೆ ಪರಿಹಾರ ನೀಡುವುದಕ್ಕಾಗಿ ಇದು ಇದೆ. ನಮ್ಮ ಲಾರಿಗೆ ಆದ ಜಖಂಗೆ ಇದರಿಂದ ಚಿಕ್ಕಾಸೂ ಬರುವುದಿಲ್ಲ. ಅದಕ್ಕೆ ಸಮಗ್ರ ಪಾಲಿಸಿ ಬೇಕು.

ಈ ವಿಮೆಯ ಕಂತನ್ನು ಸರ್ಕಾರವೇ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಬಾಡಿಗೆ ಸರಕು ವಾಹನಗಳ ವಾರ್ಷಿಕ ದರ, ತೆರಿಗೆ ಹೊರತಾಗಿ, ಹೀಗಿದೆ:

* 7,500 ಕಿಲೋವರೆಗೆ: 16,049 ರೂ.
* 7,500ರಿಂದ 12,000 ಕಿಲೋ: 27,186 ರೂ.
* 12,000ರಿಂದ 20,000 ಕಿಲೋ: 35,313 ರೂ.
* 20,000ರಿಂದ 40,000 ಕಿಲೋ: 43,950 ರೂ.
* 40,000 ಕಿಲೋ ಮೀರಿದರೆ: 44,242 ರೂ.

ದರ ಪರಿಷ್ಕರಣೆಯಾಗುವುದುಂಟು, ಕಂತು ಕಟ್ಟುವ ಮುನ್ನ ಅಂದಿನ ದರವನ್ನು ವಿಚಾರಿಸಿಕೊಳ್ಳುವುದು ಒಳಿತು.

ವಿಮೆಯ ವ್ಯಾಪ್ತಿಗೆ ಬಾರದವರು

ವಿಮೆ ಇದ್ದೂ ಕೈಕೊಡುವ ಸಂದರ್ಭಗಳೇ ಕುಟುಂಬಗಳನ್ನು ಹೆಚ್ಚು ಕಂಗೆಡಿಸುವುವು. ಅವುಗಳನ್ನು ಪ್ರತ್ಯೇಕವಾಗಿ ಗುರುತಿಸಬೇಕು.

1. ಪುಕ್ಕಟೆ ಪ್ರಯಾಣಿಕರು: ಹಬ್ಬಕ್ಕೆ ಊರಿಗೆ ಹೊರಟವರನ್ನು ದಾಕ್ಷಿಣ್ಯಕ್ಕೆ ಲಾರಿ ಹತ್ತಿಸಿಕೊಳ್ಳುವುದು ವಾಡಿಕೆ. ಅಪಘಾತವಾದರೆ ಇವರಿಗೆ ಪರಿಹಾರ ಕೊಡುವ ಹೊಣೆ ವಿಮಾ ಸಂಸ್ಥೆಯದಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಆಶಾ ರಾಣಿ (2002) ಮತ್ತು ಬಲ್ಜೀತ್ ಕೌರ್ (2004) ಪ್ರಕರಣಗಳಲ್ಲಿ ಹೇಳಿದೆ. ಸರಕಿನ ಒಡೆಯ ಅಥವಾ ಅವನ ಪ್ರತಿನಿಧಿ ಸರಕಿನೊಡನೆ ಬಂದರೆ ಮಾತ್ರ, 1994ರ ತಿದ್ದುಪಡಿಯ ಮೇರೆಗೆ, ರಕ್ಷಣೆಯುಂಟು.

2. ರಹದಾರಿ ಇಲ್ಲದ ಲಾರಿ: ಅಮೃತ್ ಪಾಲ್ ಸಿಂಗ್ ಪ್ರಕರಣದಲ್ಲಿ (2018) ರಹದಾರಿಯಿಲ್ಲದೆ ಓಡಿಸುವುದು ಕಾನೂನಿನ ಮೂಲಭೂತ ಉಲ್ಲಂಘನೆಯೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ವಿಮಾ ಸಂಸ್ಥೆ ಗಾಯಾಳುವಿನ ಕಡೆಯವರಿಗೆ ಮೊದಲು ಹಣ ಕೊಟ್ಟರೂ, ಆಮೇಲೆ ಅದನ್ನು ಲಾರಿಯ ಮಾಲೀಕನಿಂದ ವಸೂಲು ಮಾಡಬಹುದು. ರಹದಾರಿಯನ್ನೂ ವಿಮೆಯನ್ನೂ ಒಟ್ಟಿಗೇ ವಿವರಿಸಲು ಇದೇ ಕಾರಣ. ಅಲ್ಲದೆ ರಹದಾರಿಯಿಲ್ಲದೆ ಸಿಕ್ಕಿಬಿದ್ದರೆ ಮೊದಲ ಬಾರಿಗೆ 10,000 ರೂ. ದಂಡವೂ ಆರು ತಿಂಗಳವರೆಗಿನ ಸೆರೆವಾಸವೂ ಕಾನೂನಿನಲ್ಲಿದೆ.

3. ಚಾಲನಾ ಪರವಾನಗಿ: ಲಘು ವಾಹನದ ಪರವಾನಗಿ ಉಳ್ಳವರು 7,500 ಕಿಲೋವರೆಗಿನ ಸಾಗಣೆ ವಾಹನವನ್ನು ಓಡಿಸಬಹುದೆಂದು 2024ರ ನವೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ಸ್ಪಷ್ಟಪಡಿಸಿತು. ಅದಕ್ಕಿಂತ ಭಾರಿ ಲಾರಿಗೆ ತಕ್ಕ ಪರವಾನಗಿ ಬೇಕೇ ಬೇಕು.

4. ಸಾಗಿಸುವ ಸರಕು: ಲಾರಿಯ ಪಾಲಿಸಿ ಸರಕಿಗೆ ಅನ್ವಯಿಸದು. ಸರಕಿನ ಒಡೆಯರು ಸಾಗಣೆ ವಿಮೆ ಮಾಡಿಸಿರಬಹುದು. ಸಾಗಿಸುವವರ ಹೊಣೆಗೆ ಬೇರೆ ಪಾಲಿಸಿಯುಂಟು. 2011ರ ಮಾರ್ಚ್ 1ರಿಂದ ಜಾರಿಗೆ ಬಂದ ರಸ್ತೆ ಸಾಗಣೆ ಅಧಿನಿಯಮದಂತೆ (2007) ಸಾರ್ವಜನಿಕರಿಂದ ಸರಕು ಬುಕ್ ಮಾಡಿಕೊಂಡು ರಸೀದಿ ಕೊಡುವವರು ಪ್ರತ್ಯೇಕ ನೋಂದಣಿ ಮಾಡಿಸಬೇಕು. ಹೆಚ್ಚಿನ ಮೌಲ್ಯ ಘೋಷಿಸಿರದಿದ್ದರೆ ಅವರ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತುಪಟ್ಟಿಗೆ ಸೀಮಿತ.

5. ಸ್ಟಿಯರಿಂಗ್ ಹಿಡಿದವರು: ಸಂಬಳದ ಚಾಲಕನಿಗೆ ಕಡ್ಡಾಯ ವಿಮೆಯಲ್ಲೇ ರಕ್ಷಣೆಯಿದೆ. ಮಾಲೀಕನೇ ಚಾಲಕನಾದರೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ರಕ್ಷಣೆ ಬೇಕು. ನಮ್ಮ ಮದ್ರಾಸ್ ಉಚ್ಚ ನ್ಯಾಯಾಲಯದ 2017ರ ಆದೇಶದ ಹಿನ್ನೆಲೆಯಲ್ಲಿಯೇ ವಿಮಾ ನಿಯಂತ್ರಣ ಪ್ರಾಧಿಕಾರ 2018ರಲ್ಲಿ ಈ ಮೊತ್ತವನ್ನು ಏರಿಸಿತು. ಇದು ನೋಂದಾಯಿತ ಮಾಲೀಕರ ಹೆಸರಿಗೆ ದೊರೆಯುವ ರಕ್ಷಣೆ. ಲಾರಿ ಪತ್ನಿಯ ಹೆಸರಿನಲ್ಲಿದ್ದು ಪತಿ ಓಡಿಸುತ್ತಿದ್ದರೆ ತಕರಾರಿಗೆ ಎಡೆಯಾಗುತ್ತದೆ. ಅಂಥವರು ಪತಿಯ ಹೆಸರಿಗೂ ಪ್ರತ್ಯೇಕ ಅಪಘಾತ ವಿಮೆ ಮಾಡಿಸುವುದು ಕ್ಷೇಮ.

ಮಾರಾಟ ಮತ್ತು ಮರಣ

ಲಾರಿ ಮಾರಿದವರು ಹಣ ಎಣಿಸಿಕೊಂಡು ಸುಮ್ಮನಾಗಬಾರದು. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರೆಂದು ನವೀನ್ ಕುಮಾರ್ ಪ್ರಕರಣದಲ್ಲಿ (2018) ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಆ ಲಾರಿ ಕೈಯಿಂದ ಕೈಗೆ ಹೋಗಿ ನಾಲ್ಕನೆಯವರಲ್ಲಿದ್ದರೂ ಅಪಘಾತದ ಪರಿಹಾರದ ನೋಟೀಸು ಹಳೆಯ ಮಾಲೀಕರ ಮನೆಗೇ ಬರುತ್ತದೆ. ಚೆನ್ನೈಯಲ್ಲಿ ಇಂಥ ಅರ್ಜಿಗಳನ್ನು ಲಘು ವ್ಯವಹಾರಗಳ ನ್ಯಾಯಾಲಯದಲ್ಲಿರುವ ಅಪಘಾತ ಪರಿಹಾರ ನ್ಯಾಯಮಂಡಳಿ ವಿಚಾರಣೆ ಮಾಡುತ್ತದೆ. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಸಾರಿಗೆ ಕಚೇರಿಗೆ ತಿಳಿಸಬೇಕು. ಪಾಲಿಸಿಯಲ್ಲಿ ಹೆಸರು ಬದಲಿಸಲು ಕೊಂಡವರು 14 ದಿನದಲ್ಲಿ ಅರ್ಜಿ ಹಾಕಬೇಕು.

ಮಾಲೀಕರು ತೀರಿಕೊಂಡಾಗ ದುಃಖದ ನಡುವೆ ಈ ಕಾಗದಗಳ ನೆನಪು ಯಾರಿಗೂ ಬಾರದು. ಆದರೆ ಕಾನೂನಿನ ಗಡುವು ಕಾಯುವುದಿಲ್ಲ. ವಾರಸುದಾರರು 30 ದಿನದೊಳಗೆ ಸಾರಿಗೆ ಪ್ರಾಧಿಕಾರಕ್ಕೆ ಮರಣದ ವಿಷಯವನ್ನೂ ತಾವು ರಹದಾರಿ ಬಳಸುವ ಉದ್ದೇಶವನ್ನೂ ತಿಳಿಸಿದರೆ, ಮೂರು ತಿಂಗಳು ಅದೇ ರಹದಾರಿಯಲ್ಲಿ ಲಾರಿ ಓಡಿಸಬಹುದು. ಆ ಮೂರು ತಿಂಗಳೊಳಗೆ ರಹದಾರಿಯನ್ನು ತಮ್ಮ ಹೆಸರಿಗೆ ವರ್ಗಾಯಿಸಲು ಅರ್ಜಿ ಸಲ್ಲಿಸಬೇಕು. ನೋಂದಣಿಯನ್ನೂ ವಿಮೆಯನ್ನೂ ಜೊತೆಯಲ್ಲೇ ಬದಲಿಸಿಕೊಳ್ಳಬೇಕು.

ಕೊನೆಯ ಮಾತು

ರಹದಾರಿ, ರಾಷ್ಟ್ರೀಯ ರಹದಾರಿಯ ಅಧಿಕಾರ ಪತ್ರ, ಅರ್ಹತಾ ಪತ್ರ, ವಿಮೆ, ತೆರಿಗೆ, ಚಾಲನಾ ಪರವಾನಗಿ ಈ ಆರರ ಮುಕ್ತಾಯ ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆದು ಮನೆಯ ಪಂಚಾಂಗದ ಪಕ್ಕದಲ್ಲಿ ತೂಗುಹಾಕುವಂತೆ ನಮ್ಮ ಓದುಗರಲ್ಲಿ ವಿನಂತಿಸುತ್ತೇವೆ. ಲಾರಿ ಹೊರಗೆ ಓಡುತ್ತಿರುವಾಗ ಮನೆಯಲ್ಲಿರುವವರಿಗೂ ಈ ದಿನಾಂಕಗಳು ತಿಳಿದಿರಲಿ. ಇಲ್ಲಿ ಕೊಟ್ಟಿರುವುದು ಸಾಮಾನ್ಯ ತಿಳಿವಳಿಕೆ. ನಿರ್ದಿಷ್ಟ ವ್ಯಾಜ್ಯವಿದ್ದಲ್ಲಿ ವಕೀಲರ ಸಲಹೆ ಪಡೆಯುವುದು ಲೇಸು.