ಮಂಗಳೂರಿನ ನ್ಯಾಯಾಧೀಶ ಎ.ಸಿ. ಬರ್ನೆಲ್ ಮತ್ತು ನಮ್ಮ ಅಳಿಯಕಟ್ಟು

ಕಾಸರಗೋಡು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಕುಂಬಳೆ, ಮಂಜೇಶ್ವರಗಳ ಆಸ್ತಿ ವ್ಯಾಜ್ಯಗಳು ಮೇಲ್ಮನವಿಗಾಗಿ ಮಂಗಳೂರಿನ ಜಿಲ್ಲಾ ನ್ಯಾಯಾಲಯದ ಮೆಟ್ಟಿಲೇರುತ್ತಿದ್ದವು. ಆ ಪೀಠದಲ್ಲಿ ಕುಳಿತ ಆಂಗ್ಲ ನ್ಯಾಯಾಧೀಶರಲ್ಲಿ ನಾವು ಮರೆಯಬಾರದ ಹೆಸರು ಆರ್ಥರ್ ಕೋಕ್ ಬರ್ನೆಲ್ ಅವರದು.

1840ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನಲ್ಲಿ ಹುಟ್ಟಿದ ಬರ್ನೆಲ್, 1860ರಲ್ಲಿ ಮದ್ರಾಸ್ ಸಿವಿಲ್ ಸೇವೆಗೆ ಬಂದರು. ಹಲವು ಜಿಲ್ಲೆಗಳಲ್ಲಿ ದುಡಿದು ಮಂಗಳೂರಿನಲ್ಲೂ ಬಳಿಕ ತಂಜಾವೂರಿನಲ್ಲೂ ನ್ಯಾಯಾಧೀಶರಾದರು. ಹೋದಲ್ಲೆಲ್ಲ ಸಂಸ್ಕೃತದ ಹಸ್ತಪ್ರತಿಗಳನ್ನು ಸಂಗ್ರಹಿಸಿದರು. ತಂಜಾವೂರಿನ ಅರಮನೆಯ ಹಸ್ತಪ್ರತಿಗಳ ಸೂಚಿ 1880ರಲ್ಲಿ ಪ್ರಕಟವಾಯಿತು. ಹೆನ್ರಿ ಯೂಲ್ ಅವರೊಂದಿಗೆ ಸಿದ್ಧಪಡಿಸಿದ ‘ಹಾಬ್ಸನ್-ಜಾಬ್ಸನ್’ ನಿಘಂಟು ಹೊರಬಂದದ್ದು 1886ರಲ್ಲಿ, ಬರ್ನೆಲ್ ತೀರಿಕೊಂಡ ಮೇಲೆ.

ನಮಗೆ ಹತ್ತಿರವಾದದ್ದು ಮಂಗಳೂರಿನ ಕಾಲ. ದಕ್ಷಿಣ ಭಾರತದ ಲಿಪಿಗಳ ಕುರಿತ ಅವರ ಗ್ರಂಥ 1874ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ತುಳುನಾಡಿನ ವೈದಿಕರು ಸಂಸ್ಕೃತ ಬರೆಯಲು ಬಳಸುತ್ತಿದ್ದ ಲಿಪಿಯನ್ನು ಅವರು ‘ತುಳು-ಮಲಯಾಳಂ’ ಎಂದು ಕರೆದು, ಅದು ಗ್ರಂಥಲಿಪಿಯ ಕವಲೆಂದು ತೋರಿಸಿದರು. ಇಂದು ತುಳು ಲಿಪಿಯ ಹೆಸರಿನಲ್ಲಿ ನಡೆಯುವ ಬಿಸಿಬಿಸಿ ವಾದಗಳಲ್ಲಿ ಈ ಪುಸ್ತಕವನ್ನು ತೆರೆದು ನೋಡಿದವರು ವಿರಳ.

ನ್ಯಾಯಾಧೀಶರಾಗಿ ಅವರು ಮುಟ್ಟಿದ ಸೂಕ್ಷ್ಮ ವಿಷಯವೆಂದರೆ ಅಳಿಯಸಂತಾನ. ತನ್ನ ಹಡಗುಗಳಿಗಾಗಿ ಕುಂಡೋದರ ಭೂತಕ್ಕೆ ಬಲಿ ಕೊಡಬೇಕಾದಾಗ ಹೆಂಡತಿ ಮಗನನ್ನು ಕೊಡಲೊಪ್ಪದೆ, ತಂಗಿ ತನ್ನ ಮಗನನ್ನು ಕೊಟ್ಟಳು. ಆ ಅಳಿಯನೇ ಭೂತಾಳಪಾಂಡ್ಯನಾಗಿ ಅಳಿಯಕಟ್ಟನ್ನು ಜಾರಿಗೆ ತಂದ ಎಂಬ ಕಥೆ ನಮ್ಮ ಹಿರಿಯರಿಗೆ ಬಾಯಿಪಾಠ. ಆತನ ಹೆಸರಿನಲ್ಲಿ ‘ಅಳಿಯಸಂತಾನದ ಕಟ್ಟುಕಟ್ಟಳೆ’ ಎಂಬ ಕನ್ನಡ ಗ್ರಂಥವೊಂದು ಅಚ್ಚಾಗಿ, ನ್ಯಾಯಾಲಯಗಳಲ್ಲಿ ಪ್ರಮಾಣವಾಗಿ ಉದ್ಧೃತವಾಗುತ್ತಿತ್ತು. ಬರ್ನೆಲ್ ಅದನ್ನು ಇತ್ತೀಚಿನ ಕಾಲದ ಕೃತಕ ರಚನೆಯೆಂದು ತಿರಸ್ಕರಿಸಿದರು. ಓಲೆಯ ಪ್ರತಿಗಳೆಂದು ತೋರಿಸುತ್ತಿದ್ದವು ಮುದ್ರಿತ ಪುಸ್ತಕದಿಂದಲೇ ನಕಲಾದವು ಎಂಬುದು ಅವರ ವಾದವಾಗಿತ್ತು.

ಇಲ್ಲಿ ಎರಡು ಮಾತುಗಳನ್ನು ಬೇರೆಯಾಗಿಟ್ಟು ನೋಡಬೇಕು. ಪುಸ್ತಕ ಹುಸಿಯಾದರೆ ಪದ್ಧತಿಯೇನೂ ಹುಸಿಯಾಗುವುದಿಲ್ಲ. ಬಂಟರು, ಬಿಲ್ಲವರು ಮತ್ತಿತರ ಸಮುದಾಯಗಳು ತಾಯಿಯ ಕಡೆಯಿಂದ ಕುಟುಂಬವನ್ನೆಣಿಸುತ್ತಿದ್ದುದು ಬದುಕಿನ ಸತ್ಯ. ಆದರೆ ಬರವಣಿಗೆಯನ್ನೇ ಬೇಡುವ ನ್ಯಾಯಾಲಯದ ಮುಂದೆ ಬಾಯಿಮಾತಿನ ಕಟ್ಟಳೆಗೆ ಒಂದು ಕಾಗದ ಬೇಕಾಯಿತು. ಆ ಹಂಬಲವೇ ಇಂಥ ಗ್ರಂಥಕ್ಕೆ ಬೆಲೆ ತಂದಿತೆಂದು ನಾವು ಭಾವಿಸುತ್ತೇವೆ. ತವರಿನ ಪಾಲನ್ನು ನಂಬಿ ಬದುಕಿದ ಎಷ್ಟೋ ಹೆಣ್ಣುಮಕ್ಕಳ ನೆಲೆ ಅದರ ಮೇಲೆ ನಿಂತಿತ್ತು. ಮುಂದೆ 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂತು. ಗಡಿ ಬದಲಾದ ಮೇಲೆ ನಮ್ಮ ಕಡೆಯವರಿಗೆ 1975ರ ಕೇರಳ ಅವಿಭಕ್ತ ಹಿಂದೂ ಕುಟುಂಬ ರದ್ದತಿ ಕಾಯ್ದೆ ಅನ್ವಯವಾಯಿತು. ನದಿಯಾಚೆಯ ಬಂಧುಗಳಿಗೊಂದು ಕಾನೂನು, ನಮಗೊಂದು!

ಬರ್ನೆಲ್ ಅವರ ಇನ್ನೊಂದು ದೊಡ್ಡ ಕೊಡುಗೆ ಪಾಡ್ದನಗಳ ಸಂಗ್ರಹ. ಕೋಟಿ ಚೆನ್ನಯ, ಕಲ್ಕುಡ, ಬೊಬ್ಬರ್ಯ ಮೊದಲಾದ ಕಥನಗಳ ಹಸ್ತಪ್ರತಿಗಳು ಅವರ ಬಳಿ ಇದ್ದವು. ಮೂಲ ತುಳುವಾದರೂ ಬರೆಹ ಕನ್ನಡ ಅಕ್ಷರದ್ದು. ಮಂಗಳೂರಿನ ಮಿಶನರಿ ಮ್ಯಾನರ್ ಅವರ ಅನುವಾದಗಳೂ ಇದರಲ್ಲಿ ಸೇರಿವೆ. ಬರ್ನೆಲ್ ಕಾಲವಾದ ಮೇಲೆ ಆರ್.ಸಿ. ಟೆಂಪಲ್ ಇವನ್ನು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ 1894ರಿಂದ 1897ರವರೆಗೆ ಪ್ರಕಟಿಸಿದರು. ಶೀರ್ಷಿಕೆಯಲ್ಲಿ ನಮ್ಮ ದೈವಗಳನ್ನು ‘ಡೆವಿಲ್’ ಎಂದದ್ದು ಸಹಜವಾಗಿಯೇ ನೋವು ತರುತ್ತದೆ. ಆದರೂ ಒಳಗಿನ ಪಠ್ಯವನ್ನು ಓದದೆ ಹೆಸರಿಗೆ ಮುನಿದು ಮಡಚಿಡುವುದು ನಮಗೇ ನಷ್ಟ. ಶಾಲೆಯ ಮಕ್ಕಳಿಗೆ ಈ ಕಥನಗಳನ್ನು ತೋರಿಸಿದಾಗ, ಅಜ್ಜಿಯಿಂದ ಕೇಳಿದ್ದು ಹೀಗಲ್ಲ ಎಂದು ಅವರು ತಿದ್ದುವುದುಂಟು. ಆ ತಿದ್ದುಪಡಿಗಳನ್ನೂ ನಾವು ಬರೆದಿಡುತ್ತಿದ್ದೇವೆ.

ಆರೋಗ್ಯ ಕೆಟ್ಟು ಇಂಗ್ಲೆಂಡಿಗೆ ಮರಳಿದ ಬರ್ನೆಲ್ 1882ರ ಅಕ್ಟೋಬರ್ 12ರಂದು ನಿಧನರಾದರು. ಆಗ ಅವರಿಗೆ 42 ವರ್ಷ. ಮನುಸ್ಮೃತಿಯ ಅನುವಾದ ಅರ್ಧಕ್ಕೆ ನಿಂತಿತ್ತು. ಹಾಪ್ಕಿನ್ಸ್ ಅದನ್ನು ಮುಗಿಸಿ 1884ರಲ್ಲಿ ಹೊರತಂದರು.